ಗಮನದ ಮಾತ್ರೆಯೂ ಸಕ್ಕರೆಯ ಲೆಕ್ಕವೂ

ಎಡಿಎಚ್‌ಡಿಗಾಗಿ (ಗಮನ ನಿಲ್ಲದಿರುವ, ಚಡಪಡಿಕೆಯ ತೊಂದರೆ) ನಾನು ಬೆಳಗ್ಗೆ ಸೇವಿಸುವ ಮೀಥೈಲ್‌ಫೆನಿಡೇಟ್ ಮಾತ್ರೆಗೂ ನನ್ನ ಮಧುಮೇಹಕ್ಕೂ ಸಂಬಂಧವಿರಬಹುದೆಂದು ಮೈಸೂರಿನ ನಮ್ಮ ವೈದ್ಯರು ಮೊದಲೇ ಎಚ್ಚರಿಸಿದ್ದರು. ಈ ಔಷಧವು ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್‌ಗಳನ್ನು ಆ ಕೋಶಗಳು ಮತ್ತೆ ಹೀರಿಕೊಳ್ಳುವುದನ್ನು ತಡೆಯುತ್ತದೆ. ನಾರ್‌ಅಡ್ರಿನಲಿನ್‌ನ ಪ್ರಭಾವ ಹೆಚ್ಚಿದಾಗ ಯಕೃತ್ತು ತಾನು ಕೂಡಿಟ್ಟ ಗ್ಲೈಕೋಜೆನ್ ಅನ್ನು ಗ್ಲೂಕೋಸಾಗಿಸಿ ರಕ್ತಕ್ಕೆ ಬಿಡಬಹುದಾದ್ದರಿಂದ, ಕೆಲವರಲ್ಲಿ ಸಕ್ಕರೆ ತುಸು ಏರಬಹುದು.

ನನಗೆ ಅದಕ್ಕಿಂತ ತೊಡಕೆನಿಸಿರುವುದು ಹಸಿವು. ಮಾತ್ರೆಯ ಪ್ರಭಾವವಿರುವಷ್ಟು ಹೊತ್ತು ಅದು ಸುಳಿಯುವುದೇ ಇಲ್ಲ. ಮಧ್ಯಾಹ್ನ ತಟ್ಟೆಯಲ್ಲಿ ಅರ್ಧ ಉಳಿದ ರಾಗಿಮುದ್ದೆ ಒಣಗಿ ಬಿರುಕು ಬಿಟ್ಟಿರುತ್ತದೆ, ಸಂಜೆ ಪ್ರಭಾವ ಇಳಿಯುತ್ತಿದ್ದಂತೆ ಕೈ ತಾನಾಗಿಯೇ ಕೋಡುಬಳೆಯ ಡಬ್ಬಿಗೆ ಹೋಗುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ಹೀಗೆ ಊಟ ತಪ್ಪಿಸಿದರೆ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಮತ್ತೊಂದು ಮಧುಮೇಹದ ಮಾತ್ರೆಯಾದ ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಲ್ಲಿ ಅದು ಅಪರೂಪ.

ಕೈನಡುಕ, ಬೆವರು, ಎದೆಬಡಿತಗಳು ಸಕ್ಕರೆ ಕುಸಿದಾಗಲೂ ಬರುತ್ತವೆ, ಮೀಥೈಲ್‌ಫೆನಿಡೇಟ್‌ನಂತಹ ಉತ್ತೇಜಕ ಔಷಧದಿಂದಲೂ ಬರುತ್ತವೆ. ಊಹಿಸುತ್ತ ಕೂರುವುದಕ್ಕಿಂತ ಗ್ಲುಕೋಮೀಟರ್ ವಾಸಿ. ಅದು 70 ಮಿ.ಗ್ರಾಂ/ಡೆ.ಲೀ.ಗಿಂತ ಕಡಿಮೆ ತೋರಿಸಿದರೆ 15 ಗ್ರಾಂ ಗ್ಲೂಕೋಸ್ ಸೇವಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಔಷಧದ ಪ್ರಮಾಣ ಬದಲಾದಾಗಲೆಲ್ಲ ನಾನು ಊಟದ ವೇಳೆ, ಮಾತ್ರೆಯ ವೇಳೆ ಮತ್ತು ಸಕ್ಕರೆಯ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದು, ಮನೋವೈದ್ಯರಿಗೂ ಮಧುಮೇಹ ತಜ್ಞರಿಗೂ ತೋರಿಸುತ್ತೇನೆ.