ಬರಕ್ಕೆ 20, ಮಳೆಗೆ 3

ಚಿತ್ರದುರ್ಗದಲ್ಲಿ ಕೂತು ಮಳೆಯಿಂದ ಅಪಾಯ ಅಂತ ಬರೆದರೆ ಯಾರಾದರೂ ನಗುತ್ತಾರೆ ಅಲ್ವಾ? ಅದಕ್ಕೇ ನಾನು ಆ ಸಾಲನ್ನು ಸುಮ್ನೆ ಲೆಕ್ಕಕ್ಕೆ ಬರೆದಿದ್ದೆ.

2022ರ ಬೇಸಿಗೆ. ನಮ್ಮ ಕಾಲೇಜಿಗೆ ನ್ಯಾಕ್ ತಂಡ, ಅಂದರೆ ಕಾಲೇಜುಗಳಿಗೆ ಗ್ರೇಡ್ ಕೊಡುವವರು, ಬರುವುದಿತ್ತು. ಅವರ ಏಳನೇ ಮಾನದಂಡದಲ್ಲಿ ನೀರು, ಕರೆಂಟು, ಕಸ, ಗ್ರೀನ್ ಆಡಿಟ್ ಎಲ್ಲ ಬರುತ್ತಿತ್ತು. ಸ್ಟಾಫ್ ರೂಮಿನಲ್ಲಿ ಹೊಸಬಳು ನಾನೇ, ಹಾಗಾಗಿ ಫೈಲೂ ನನ್ನದೇ. ಹವಾಮಾನ ಬದಲಾವಣೆಯಿಂದ ಕಾಲೇಜಿಗೆ ಏನೇನು ಅಪಾಯ ಅಂತ ಒಂದು ಪಟ್ಟಿನೂ ಹಾಕಿ ಎಂದರು ಪ್ರಿನ್ಸಿಪಾಲರು. ಆಗುವ ಸಾಧ್ಯತೆಗೆ 5ರಲ್ಲಿ ಎಷ್ಟು, ಆದರೆ ನಷ್ಟಕ್ಕೆ 5ರಲ್ಲಿ ಎಷ್ಟು, ಎರಡನ್ನೂ ಗುಣಿಸಬೇಕು. ಬರಕ್ಕೆ ಐದು ನಾಲ್ಕಲಿ 20 ಕೊಟ್ಟೆ. ಬಿಸಿಲಿಗೆ 16. ಜೋರು ಮಳೆಗೆ ಒಂದು ಮೂರಲಿ 3. ಕೊನೆಯ ಕಾಲಂ 'ಜವಾಬ್ದಾರಿ'. ಅಲ್ಲಿ ಎಲ್ಲ ಸಾಲಿಗೂ 'ಪರಿಸರ ಸಮಿತಿ' ಅಂತ ಕಾಪಿ ಪೇಸ್ಟ್ ಮಾಡಿದೆ. ಸಮಿತಿ ಅಂದರೆ ನಾನು, ಮತ್ತೆ ರಜೆಯಲ್ಲಿದ್ದ ಇನ್ನೊಬ್ಬರು.

ಆ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 130 ಅಡಿ ತುಂಬಿ ಕೋಡಿ ಬಿತ್ತು. 1933ರ ಮೇಲೆ ಅದೇ ಮೊದಲು, 89 ವರ್ಷ ಆಗಿತ್ತು. ಊರಿಗೆ ಊರೇ ಆ ಅಣೆಕಟ್ಟು ಇರುವ ಮಾರಿಕಣಿವೆಗೆ ಹೊರಟಿತು. ನಾನೂ ಹೋಗಿ ಫೋಟೋ ತೆಗೆಸಿಕೊಂಡು ಬಂದೆ. ಅಷ್ಟು ಮಳೆ ನಮ್ಮ ಕಾಂಪೌಂಡಿನೊಳಗೂ ಬೀಳುತ್ತದೆ ಅಂತ ಹೊಳೆಯಲೇ ಇಲ್ಲ.

ಒಂದು ಬೆಳಿಗ್ಗೆ ಆರಕ್ಕೆ ವಾಚ್‌ಮನ್ ಅಜ್ಜನ ಫೋನು. "ಮೇಡಮ್ಮಾರೆ, ರೆಕಾರ್ಡ್ ರೂಮಿನಾಗೆ ನೀರು ನುಗ್ಗೈತೆ, ಬರ್ರಿ."

ಆ ರೂಮು ನೆಲಕ್ಕಿಂತ ಮೂರು ಮೆಟ್ಟಿಲು ಕೆಳಗಿದೆ. ಮೊಣಕಾಲವರೆಗೆ ಕೆಂಪು ನೀರು. ಯುಪಿಎಸ್ ಬ್ಯಾಟರಿಗಳು ಮುಳುಗಿದ್ದವು. ಕೆಳಗಿನ ಅಟ್ಟಣೆಯ ಹಳೇ ಮಾರ್ಕ್ಸ್ ಲೆಡ್ಜರುಗಳು ನೆನೆದ ರೊಟ್ಟಿಯಂತೆ ಊದಿಕೊಂಡಿದ್ದವು. ಸೆಮಿನಾರ್ ಹಾಲಿನಲ್ಲಿ ಫ್ಯಾನು ಹಾಕಿ, ಹುಡುಗೀರನ್ನ ಕೂರಿಸಿಕೊಂಡು, ಸ್ಟೀಲ್ ಸ್ಕೇಲಿನಿಂದ ಒಂದೊಂದೇ ಹಾಳೆ ಬಿಡಿಸಿ ನಡುವೆ ಪೇಪರ್ ಇಡುತ್ತಾ ಹೋದೆವು. ನೀಲಿ ಶಾಯಿ ಹರಡಿ ಒಬ್ಬ ಹುಡುಗನ ಅಂಕ 63ಓ 68ಓ ಗೊತ್ತಾಗಲಿಲ್ಲ. ಪಾಸಾಗಿ ಮೂವತ್ತು ವರ್ಷ ಆಗಿತ್ತು ಅವನಿಗೆ. 68 ಇರಲಿ ಬಿಡಿ ಮಿಸ್ ಎಂದಳು ಒಬ್ಬಳು.

ಅಜ್ಜ ಹಿಂದುಗಡೆ ಕರೆದುಕೊಂಡು ಹೋದ. "ಇಲ್ಲಿ ದೊಡ್ಡ ಚರಂಡಿ ಇತ್ತು. ಗಾಡಿ ನಿಲ್ಲಿಸಾಕೆ ಮುಚ್ಚಿಸಿದ್ರಿ. ನೀರು ಎಲ್ಲಿಗ್ ಹೋಗ್ಬೇಕು ಹೇಳ್ರಿ?" ಚರಂಡಿ ಇದ್ದ ಜಾಗದ ಮೇಲೇ ನನ್ನ ಸ್ಕೂಟಿ ನಿಂತಿತ್ತು. ಇದೇ ನಾನು ಪ್ರತಿವರ್ಷ ಹೊಸ ಬ್ಯಾಚನ್ನು ಕೋಟೆಗೆ ಕರೆದುಕೊಂಡು ಹೋಗಿ, ನೋಡಿ, ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ, ಪಾಳೇಗಾರರ ಕಾಲದವರು ಎಷ್ಟು ಯೋಚಿಸಿದ್ದರು ಅಂತ ಭಾಷಣ ಬಿಗಿಯುತ್ತಿದ್ದೆ!

ಮಳೆಗೆ 16 ಅಂತ ತಿದ್ದಿದೆ. ಮರುವರ್ಷವೇ ಬರ. 2023ರ ಸೆಪ್ಟೆಂಬರಿನಲ್ಲಿ ಸರ್ಕಾರ 195 ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಹಾಸ್ಟೆಲ್ ಬೋರು ಬರೀ ಗಾಳಿ ಉಗುಳತೊಡಗಿ ಟ್ಯಾಂಕರ್ ತರಿಸಿದೆವು. "ಏನಮ್ಮಾ, ನಿನ್ನ ಮಳೆ ಎಲ್ಲಿ?" ಅಂತ ಸ್ಟಾಫ್ ರೂಮಿನಲ್ಲಿ ಕಾಲೆಳೆದರು. ನನ್ನ ವಾದ ಇಷ್ಟೇ: ಆ ಚರಂಡಿ ಬಿಡಿಸಿ ಬೋರಿನ ಪಕ್ಕದ ಇಂಗುಗುಂಡಿಗೆ ತಿರುಗಿಸಿದರೆ ಮಳೆಗೂ ಆಯ್ತು, ಬರಕ್ಕೂ ಆಯ್ತು. ಅರ್ಧ ಗೆದ್ದೆ. ಪಾರ್ಕಿಂಗಿನ ಒಂದು ಸಾಲು ಹೋಯ್ತು, ಶೆಡ್ಡು ಉಳಿಯಿತು. ಲೆಡ್ಜರುಗಳು ಮಾತ್ರ ಜಗಳವಿಲ್ಲದೆ ಮಹಡಿ ಹತ್ತಿದವು.

ಗುಣಾಕಾರದ ಮೇಲೆ ನನಗೀಗ ಅಷ್ಟು ನಂಬಿಕೆ ಇಲ್ಲ. ರಾತ್ರಿ ಹನ್ನೊಂದಕ್ಕೆ ನೀರು ನುಗ್ಗಿದರೆ ಮೋಟರ್ ಹಾಕೋರು ಯಾರು? ಅದನ್ನೇ ಮೊದಲು ನೋಡುತ್ತೇನೆ. ಹೊಸ ಪಟ್ಟಿಯಲ್ಲಿ 'ಪರಿಸರ ಸಮಿತಿ' ಹೊಡೆದು ಹಾಕಿ, ಮಳೆಯ ಸಾಲಿಗೆ ಅಜ್ಜನ ಹೆಸರು, ನಂಬರು ಬರೆದು ಅವನಿಗೇ ಓದಿ ಹೇಳಿದೆ. ಅಜ್ಜ ಸ್ವಲ್ಪ ಹೊತ್ತು ಯೋಚಿಸಿ, "ಆಯ್ತು ಮೇಡಮ್ಮಾರೆ, ಆದ್ರೆ ಫೋನಿಗೆ ಕರೆನ್ಸಿ ಯಾರು ಹಾಕಿಸ್ತಾರೆ?" ಎಂದ.

ಅದಕ್ಕೆ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.