ಪಾರಂಪರಿಕ ರೈಲಿನ ಹಳಿ, ಟ್ರಾಮ್ ಹಳಿ: ಸೇರಿಸುವಾಗ ತಕರಾರೆಲ್ಲ ಮಿಲಿಮೀಟರ್‌ಗಳಲ್ಲಿ

ಒಂದು ಕಡೆ ಉಗಿಬಂಡಿ ಓಡಿಸುವ ಪಾರಂಪರಿಕ ರೈಲು, ಪಕ್ಕದಲ್ಲೇ ಹೊಸ ಟ್ರಾಮ್ ಮಾರ್ಗ. ಎರಡರ ಗೇಜೂ, ಅಂದರೆ ಎರಡು ಹಳಿಗಳ ಒಳ ಅಂಚುಗಳ ನಡುವಿನ ಅಂತರವೂ, 1435 ಮಿ.ಮೀ. ನಡುವೆ ಉಳಿದಿರುವುದು ಐವತ್ತು ಮೀಟರ್ ಖಾಲಿ ಜಾಗ. ‘ಒಂದು ಪಾಯಿಂಟ್ (ಹಳಿ ಕವಲೊಡೆಯುವ ಜೋಡಣೆ) ಹಾಕಿ ಜೋಡಿಸಿಬಿಡಿ’ ಎಂಬ ಸಲಹೆ ರೈಲುಪ್ರಿಯರು ಸೇರಿದಲ್ಲೆಲ್ಲ ಬಂದೇ ಬರುತ್ತದೆ. ಗೇಜ್ ಹೊಂದಿದರೆ ಹಳಿ ಹೊಂದಿದಂತೆ ಎಂದುಕೊಳ್ಳುವುದರಲ್ಲೇ ಎಡವಟ್ಟು ಇದೆ. ಜೋಡಣೆಯ ಹಣೆಬರಹ ನಿರ್ಧಾರವಾಗುವುದು ಗಾಲಿಯ ಒಳಮೈಯಲ್ಲಿ.

ಲೆಕ್ಕ ಹಾಕಿಯೇ ನೋಡೋಣ. ರೈಲಿನ ಗಾಲಿಜೋಡಿಯಲ್ಲಿ ಒಂದು ಗಾಲಿಯ ಬೆನ್ನಿನಿಂದ ಇನ್ನೊಂದರ ಬೆನ್ನಿಗೆ ಇರುವ ಅಂತರ, ಅಂದರೆ ಬ್ಯಾಕ್-ಟು-ಬ್ಯಾಕ್, ಸಾಮಾನ್ಯವಾಗಿ 1360 ಮಿ.ಮೀ. ಯುರೋಪಿನ ರೈಲುಗಳಲ್ಲಿ 1357ರಿಂದ 1363ರವರೆಗೆ ನಡೆಯುತ್ತದೆ. ಫ್ಲ್ಯಾಂಜಿನ, ಅಂದರೆ ಗಾಲಿಯನ್ನು ಹಳಿಯ ಮೇಲೆ ಹಿಡಿದಿಡುವ ಒಳ ಅಂಚಿನ ಏಣಿನ, ದಪ್ಪ ಹೊಸದರಲ್ಲಿ ಸುಮಾರು 32.5. ಈಗ ಬೀದಿಯಲ್ಲಿ ಹೂತಿರುವ ಟ್ರಾಮ್ ಹಳಿಗೆ ಬನ್ನಿ. ಇದರ ತಲೆಯ ಪಕ್ಕದಲ್ಲೇ ಫ್ಲ್ಯಾಂಜ್ ಓಡಲು ಒಂದು ತೋಡು, ತೋಡಿನ ಆಚೆ ಒಂದು ತುಟಿ. 60ಆರ್2 ಎಂಬ ಬಗೆಯಲ್ಲಿ ತೋಡಿನ ಅಗಲ 36 ಮಿ.ಮೀ. ಎರಡೂ ಹಳಿಗಳ ತುಟಿಗಳ ತೋಡಿನ ಕಡೆಯ ಮೈಗಳ ನಡುವಿನ ಅಂತರ 1435ರಲ್ಲಿ 72 ಕಳೆದರೆ 1363. ಬ್ಯಾಕ್-ಟು-ಬ್ಯಾಕ್ 1360 ಇರುವ ಗಾಲಿಜೋಡಿ 1363 ಅಗಲದ ತುಟಿಗಳ ಮೇಲಿಂದ ಹಾಯಬೇಕು. ಮೂರು ಮಿ.ಮೀ. ಕಡಿಮೆ ಬಿತ್ತು. ಫ್ಲ್ಯಾಂಜಿನ ಬೆನ್ನು ತುಟಿಯನ್ನು ಉಜ್ಜುತ್ತದೆ, ನಂತರ ಏರುತ್ತದೆ. ತಿರುವಿನಲ್ಲಿ ಗೇಜನ್ನು ತುಸು ಅಗಲ ಮಾಡಿದರೆ ಸರಿಹೋಗಬಹುದು ಎಂದು ಕೆಲವರು ಹೇಳುವುದುಂಟು. ಅದು ಉಲ್ಟಾ: ಗೇಜ್ 1440 ಆದರೆ ತುಟಿಗಳೂ ದೂರ ಸರಿದು 1368 ಆಗುತ್ತವೆ, ಕೊರತೆ ಎಂಟು ಮಿ.ಮೀ.ಗೆ ಏರುತ್ತದೆ.

59ಆರ್2 ಬಗೆಯ ಹಳಿಯಲ್ಲಿ ತೋಡು 42 ಮಿ.ಮೀ. ಆಗ ತುಟಿಗಳ ಅಂತರ 1351, ಗಾಲಿಜೋಡಿಗೆ 9 ಮಿ.ಮೀ. ಬಿಡುವು. ನೇರ ಹಳಿಯಲ್ಲಿ ಇಷ್ಟು ಸಾಕು. ತಿರುವಿನಲ್ಲಿ ಗಾಲಿ ಓರೆಯಾಗಿ ನಿಲ್ಲುವುದರಿಂದ ಈ ಬಿಡುವು ಬೇಗ ಕರಗುತ್ತದೆ, ಗಾಲಿ ದೊಡ್ಡದಾದಷ್ಟೂ ಇನ್ನೂ ಬೇಗ. 600 ಮಿ.ಮೀ. ವ್ಯಾಸದ ಟ್ರಾಮ್ ಗಾಲಿಗೆ 22 ಮಿ.ಮೀ. ಎತ್ತರದ ಫ್ಲ್ಯಾಂಜ್ ಇದ್ದರೆ, ಹಳಿಯ ಮೇಲ್ಮೈಯ ಮಟ್ಟದಲ್ಲಿ ಅದು ತೋಡಿನೊಳಗೆ ಚಾಚಿಕೊಳ್ಳುವ ಉದ್ದ ಸುಮಾರು 234 ಮಿ.ಮೀ. 1400 ಮಿ.ಮೀ. ವ್ಯಾಸದ ಉಗಿಬಂಡಿಯ ಗಾಲಿಗೆ, 28 ಮಿ.ಮೀ. ಫ್ಲ್ಯಾಂಜಿನೊಂದಿಗೆ, ಅದೇ ಉದ್ದ 400 ಮಿ.ಮೀ. ಡೊಂಕಾದ ತೋಡಿನಲ್ಲಿ ಇಷ್ಟುದ್ದದ ನೇರ ಫ್ಲ್ಯಾಂಜ್ ಕೂರಬೇಕೆಂದರೆ ಎರಡೂ ತುದಿಗಳಲ್ಲಿ ಒತ್ತಿಕೊಳ್ಳುತ್ತದೆ.

ಆಳದ್ದು ಇನ್ನೊಂದು ಕಥೆ. ಈ ಹಳಿಗಳ ತೋಡಿನ ಆಳ ಸುಮಾರು 47 ಮಿ.ಮೀ. ರೈಲು ಗಾಲಿ ಸವೆದಂತೆ ಮೇಲ್ಮೈ ಕೆಳಗಿಳಿದು ಫ್ಲ್ಯಾಂಜ್ 36 ಮಿ.ಮೀ.ವರೆಗೂ ಎತ್ತರವಾದೀತು, ಆದರೂ ಕಾಗದದ ಮೇಲೆ ಜಾಗವಿದೆ. ವಾಸ್ತವದಲ್ಲಿ ಟ್ರಾಮ್ ಫ್ಲ್ಯಾಂಜ್ ದಿನವೂ ಗುಡಿಸುವುದು ಮೇಲಿನ 20-25 ಮಿ.ಮೀ. ಮಾತ್ರ. ಅದರ ಕೆಳಗೆ ಬ್ರೇಕ್ ಮರಳು, ಎಲೆ, ಮಣ್ಣು ಸೇರಿ ಗಾರೆಯಂತೆ ಗಟ್ಟಿಯಾಗಿರುತ್ತದೆ. ಟ್ರಾಮ್‌ಗೆ ಇದು ಗೊತ್ತೇ ಆಗುವುದಿಲ್ಲ. ಮೊದಲ ಸಲ ಹಾಯುವ ರೈಲು ಗಾಲಿ ಅದರ ಮೇಲೆ ಕೂತು ಹಳಿಯಿಂದ ಮೇಲೇಳುತ್ತದೆ. ಹಾಗಾಗಿ ಹಾಯಿಸುವ ಹಿಂದಿನ ರಾತ್ರಿ ತೋಡನ್ನು ಕನಿಷ್ಠ 40 ಮಿ.ಮೀ. ಆಳಕ್ಕೆ ಕೆರೆದು, ಅಳತೆಪಟ್ಟಿ ಇಳಿಸಿ ನೋಡಲೇಬೇಕು. ಹಳಿ ಹಳಿಯನ್ನು ದಾಟುವ ಟ್ರಾಮ್ ಕ್ರಾಸಿಂಗ್‌ಗಳಲ್ಲಿ ತೋಡನ್ನು ಬೇಕೆಂದೇ ಮೇಲೆತ್ತಿ, ಗಾಲಿ ಫ್ಲ್ಯಾಂಜಿನ ತುದಿಯ ಮೇಲೆ ಉರುಳುವಂತೆ ಮಾಡಿರುತ್ತಾರೆ, ಸದ್ದು ಕಡಿಮೆಯಾಗಲೆಂದು. 28 ಮಿ.ಮೀ. ಫ್ಲ್ಯಾಂಜಿಗೆ ಅದು ಒಂದು ಮೆಟ್ಟಿಲು. ಅಲ್ಲಿ ನಡಿಗೆಯ ವೇಗ ಮೀರಬಾರದು.

ಫ್ಲ್ಯಾಂಜಿನ ಮೇಲೆ ಓಡಿಸುವುದನ್ನೇ ಪದ್ಧತಿ ಮಾಡಿಕೊಂಡ ಊರೂ ಇತ್ತು. 1962ರಲ್ಲಿ ಮುಚ್ಚಿದ ಗ್ಲಾಸ್ಗೋ ಟ್ರಾಮ್‌ನ ಗೇಜ್ 4 ಅಡಿ 7¾ ಅಂಗುಲ, ಅಂದರೆ 1416 ಮಿ.ಮೀ. ಈ ವಿಚಿತ್ರ ಅಳತೆ ಯಾಕೆಂದರೆ, ಗೋವನ್‌ನ ಹಡಗುಕಟ್ಟೆಗೆ ಹೋಗುವ ರೈಲು ವ್ಯಾಗನ್‌ಗಳ ಫ್ಲ್ಯಾಂಜ್ ಸರಿಯಾಗಿ ಟ್ರಾಮ್ ತೋಡಿನೊಳಗೆ ಇಳಿಯಲಿ, ವ್ಯಾಗನ್ ಫ್ಲ್ಯಾಂಜಿನ ಮೇಲೆಯೇ ಉರುಳಿಕೊಂಡು ಹೋಗಲಿ ಎಂದು. ಒರಟು ಉಪಾಯವೇ ಸರಿ, ಆದರೆ ಲೆಕ್ಕ ಪಕ್ಕಾ.

ಇನ್ನು ಎದುರು ದಿಕ್ಕು: ಟ್ರಾಮ್ ರೈಲು ಹಳಿಯ ಮೇಲೆ ಬಂದರೆ? ನೇರ ಹಳಿಯಲ್ಲಿ ತೊಂದರೆಯಿಲ್ಲ. ಪಾಯಿಂಟಿನ ಕ್ರಾಸಿಂಗ್‌ನಲ್ಲಿ, ಎರಡು ಹಳಿ ಸೇರುವ ಆ ಚೂಪು ಮೂಗಿನ ಹತ್ತಿರ, ಕುತ್ತು ಇದೆ. ಎದುರು ಹಳಿಯ ಪಕ್ಕದಲ್ಲಿ ಗಾಲಿಯ ಬೆನ್ನನ್ನು ಹಿಡಿದು ದಾರಿಗೆ ತರುವ ಚೆಕ್ ರೈಲ್ 41 ಮಿ.ಮೀ. ಬಿಡುವಿನಲ್ಲಿದ್ದರೆ ಅದರ ಮುಖದಿಂದ ಮೂಗಿಗೆ 1394 ಮಿ.ಮೀ. ರೈಲು ಗಾಲಿಗೆ ಬ್ಯಾಕ್-ಟು-ಬ್ಯಾಕ್ ಮತ್ತು ಒಂದು ಫ್ಲ್ಯಾಂಜ್ ಸೇರಿ 1392.5. ಒಂದೂವರೆ ಮಿ.ಮೀ. ಉಳಿಸಿಕೊಂಡು ಪಾರಾಗುತ್ತದೆ. ತೋಡಿನ ಹಳಿಗೆಂದೇ ಮಾಡಿದ ಟ್ರಾಮ್ ಗಾಲಿಯ ಅಳತೆ 1380 ಮತ್ತು 22 ಎಂದಿಟ್ಟುಕೊಳ್ಳಿ, ಒಟ್ಟು 1402. ಚೆಕ್ ರೈಲ್ ಹಿಡಿದು ಎಳೆಯುವ ಮೊದಲೇ ಫ್ಲ್ಯಾಂಜ್ ಹೋಗಿ ಮೂಗಿಗೆ ಬಡಿಯುತ್ತದೆ, ಅದೃಷ್ಟ ಕೆಟ್ಟರೆ ಮೂಗಿನ ಆಚೆ ಬದಿಗೆ ನುಗ್ಗುತ್ತದೆ. ಸಾಲದ್ದಕ್ಕೆ ಟ್ರಾಮ್ ಗಾಲಿಯ ಪಟ್ಟಿ ಅಗಲದಲ್ಲೂ ಕಿರಿದು. ಕ್ರಾಸಿಂಗ್‌ನ ಬಿರುಕಿನ ಮೇಲೆ ಅಗಲದ ರೈಲು ಗಾಲಿ ದಾಟಿಕೊಳ್ಳುತ್ತದೆ, ಕಿರಿದಾದದ್ದು ಒಳಗೆ ಕುಸಿದು ಮೂಗನ್ನು ಜಜ್ಜುತ್ತದೆ.

ಇದಕ್ಕೆ ಪರಿಹಾರ ಗೊತ್ತಿದೆ, ಕೆಲಸವನ್ನೂ ಮಾಡುತ್ತಿದೆ. ಗಾಲಿಯ ಬೆನ್ನಿಗೆ ಒಂದು ಮೆಟ್ಟಿಲು ಕೊಡುತ್ತಾರೆ: ತೋಡಿನೊಳಗೆ ಇಳಿಯುವ ಭಾಗ ತೆಳು, ಹಳಿಯ ಮೇಲ್ಮೈಗಿಂತ ಮೇಲಿರುವ ಭಾಗ ದಪ್ಪ. ಚೆಕ್ ರೈಲನ್ನು ಹಳಿಗಿಂತ ಎತ್ತರಿಸಿ, ಆ ದಪ್ಪ ಭಾಗವನ್ನು ಹಿಡಿಯುವಂತೆ ಕೂರಿಸುತ್ತಾರೆ. ಇಂಗ್ಲೆಂಡಿನ ಶೆಫೀಲ್ಡ್‌ನಿಂದ ರಾದರ್‌ಹ್ಯಾಮ್ ಪಾರ್ಕ್‌ಗೇಟ್‌ಗೆ 2018ರ ಅಕ್ಟೋಬರ್‌ನಲ್ಲಿ ಶುರುವಾದ ಟ್ರಾಮ್-ಟ್ರೇನ್ (ಬೀದಿಯ ಹಳಿಯಲ್ಲೂ ರೈಲು ಹಳಿಯಲ್ಲೂ ಓಡುವ ಬಂಡಿ) ಹೀಗೆಯೇ ರೈಲು ಪಾಯಿಂಟ್‌ಗಳನ್ನು ದಾಟುತ್ತದೆ. ಪಾರಂಪರಿಕ ರೈಲಿನವರು ಇಲ್ಲಿ ಗಮನಿಸಬೇಕಾದದ್ದು, ಎತ್ತರಿಸಿದ ಚೆಕ್ ರೈಲ್ ಹಾಕುವ ಮೊದಲು ತಮ್ಮ ಎಂಜಿನ್ನಿನ ಬ್ರೇಕ್ ಕೊಂಡಿ, ಮರಳಿನ ಕೊಳವೆ, ಬೂದಿತಟ್ಟೆಯ ತಳ ಅಲ್ಲಿಗೆ ತಗಲುತ್ತವೆಯೇ ಎಂಬುದನ್ನು. ಹಳೆಯ ಎಂಜಿನ್ನುಗಳಲ್ಲಿ ಮರಳಿನ ಕೊಳವೆ ಬಹಳ ತಗ್ಗಿನಲ್ಲಿರುತ್ತದೆ.

ಯಾವ ದಿಕ್ಕಿಗೆ ಜೋಡಿಸಬೇಕು ಎಂಬುದಕ್ಕೆ ಜರ್ಮನಿಯ ನಾರ್ಡ್‌ಹೌಸನ್ ಒಳ್ಳೆಯ ಉತ್ತರ. ಅಲ್ಲಿ ಉಗಿಬಂಡಿಗಳಿಗೆ ಹೆಸರಾದ ಹಾರ್ಟ್ಸ್ ಬೆಟ್ಟದ ರೈಲೂ ಮೀಟರ್ ಗೇಜ್, ಊರಿನ ಟ್ರಾಮೂ ಮೀಟರ್ ಗೇಜ್. 2004ರಿಂದ ಲೈನ್ 10ರ ಟ್ರಾಮ್ ಪೇಟೆಯಿಂದ ಹೊರಟು, ರೈಲು ನಿಲ್ದಾಣದ ಬಳಿ ಜೋಡಣೆ ದಾಟಿ, ಉಗಿಬಂಡಿಯ ಹಳಿಯಲ್ಲೇ ಇಲ್‌ಫೆಲ್ಡ್‌ವರೆಗೆ ಹೋಗುತ್ತದೆ. ಆ ಹಳಿಯ ಮೇಲೆ ವಿದ್ಯುತ್ ತಂತಿ ಇಲ್ಲ. ಅದಕ್ಕೆಂದೇ ತರಿಸಿದ ಮೂರು ಕಾಂಬಿನೋ ಡುಯೋ ಬಂಡಿಗಳಲ್ಲಿ ಡೀಸೆಲ್ ಜನರೇಟರ್ ಇದೆ. ತಂತಿ ಮುಗಿದಲ್ಲಿ ಪ್ಯಾಂಟೋಗ್ರಾಫ್ (ತಂತಿಯಿಂದ ಕರೆಂಟ್ ಪಡೆಯುವ ಛಾವಣಿಯ ತೋಳು) ಇಳಿಸಿ ಡೀಸೆಲ್ ಚಾಲೂ ಮಾಡುತ್ತಾರೆ. ಉಗಿ ಎಂಜಿನ್ ಮಾತ್ರ ಪೇಟೆಯ ಬೀದಿಗೆ ಇಳಿಯುವುದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಹಗುರ ಬಂಡಿ ಭಾರದ ಹಳಿಗೆ ಬರಲಿ. ಭಾರದ ಬಂಡಿಯನ್ನು ಹಗುರ ಹಳಿಗೆ ಕಳಿಸುವ ಹಟ ಬೇಡ ಎನ್ನುವುದೇ ನನ್ನ ಅಭಿಪ್ರಾಯ.

ಉಗಿಬಂಡಿಯೇ ಟ್ರಾಮ್ ಸಂಸ್ಥೆಯ ಮಾರ್ಗಕ್ಕೆ ಬರುವುದೂ ಉಂಟು. ಜರ್ಮನಿಯದೇ ಕಾರ್ಲ್ಸ್‌ರೂಹೆ ಪಕ್ಕದ ಆಲ್ಬ್‌ಟಾಲ್ ಮಾರ್ಗದಲ್ಲಿ ಎಟ್ಲಿಂಗನ್‌ನಿಂದ ಬಾಟ್ ಹೆರೆನಾಲ್ಬ್‌ಗೆ 750 ವೋಲ್ಟ್ ತಂತಿಯ ಕೆಳಗೇ ಉಗಿ ರೈಲು ಓಡಿಸುತ್ತಾರೆ. ಮೊದಲು ಮೀಟರ್ ಗೇಜ್ ಆಗಿದ್ದ ಈ ಮಾರ್ಗವನ್ನು 1950-60ರ ದಶಕಗಳಲ್ಲಿ 1435ಕ್ಕೆ ಬದಲಿಸಿದರು. ಇದು ಜಲ್ಲಿ ಹಾಸಿದ ನಿಜವಾದ ರೈಲು ಹಾದಿ, ಹೊಂದಿಕೊಂಡದ್ದು ಟ್ರಾಮ್‌ನ ಗಾಲಿ. ತೋಡಿನ ಹಳಿಯ ಪೇಟೆಬೀದಿಗೆ ಇದನ್ನು ಉದಾಹರಣೆಯಾಗಿ ತೋರಿಸುವಂತಿಲ್ಲ.

ಪ್ಲಾಟ್‌ಫಾರ್ಮ್ ಮರೆಯುವವರು ಬಹಳ. ಟ್ರಾಮ್ ಅಗಲ ಸಾಮಾನ್ಯವಾಗಿ 2.30ರಿಂದ 2.65 ಮೀ. ರೈಲು ಬೋಗಿ, ಉಗಿಬಂಡಿಯ ಸಿಲಿಂಡರ್ 2.8ರಿಂದ 3.1 ಮೀ. ಟ್ರಾಮ್‌ಗೆ ಒತ್ತಿಕೊಂಡಂತೆ ಕಟ್ಟಿದ ಪ್ಲಾಟ್‌ಫಾರ್ಮಿನ ಅಂಚಿಗೆ ಸಿಲಿಂಡರ್ ತಗಲುತ್ತದೆ. ಜರ್ಮನಿಯ ಕಾಸೆಲ್ ಊರಿನ ಲೊಸ್ಸೆಟಾಲ್ ಮಾರ್ಗದ ನಿಲ್ದಾಣಗಳಲ್ಲಿ ಇದಕ್ಕೆ ನಾಲ್ಕು ಹಳಿ ಹಾಕಿದ್ದಾರೆ: ಒಂದೇ ಹಾಸಿನ ಮೇಲೆ ಎರಡು ಜೋಡಿ ಹಳಿ ಒಂದಕ್ಕೊಂದು ಹೆಣೆದುಕೊಂಡು, ಟ್ರಾಮ್ ಅಂಚಿಗೆ ಹತ್ತಿರ, ಗೂಡ್ಸ್ ಗಾಡಿ ದೂರ. ಅದೇ ಊರಿನ ಇನ್ನೊಂದು ದಿಕ್ಕಿನಲ್ಲಿ, ನೌಮ್‌ಬುರ್ಗ್ ಮಾರ್ಗದ ಒಂದು ಭಾಗವನ್ನು ಲೈನ್ 5ರ ಟ್ರಾಮ್ ಮತ್ತು ಹೆಸೆನ್‌ಕುರಿಯರ್ ಎಂಬ ಪಾರಂಪರಿಕ ಉಗಿ ರೈಲು ಹಂಚಿಕೊಳ್ಳುತ್ತವೆ.

ತಿರುವಿನ ವಿಷಯ ಎರಡೇ ಮಾತು. ಟ್ರಾಮ್ 25 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತದೆ. ದೊಡ್ಡ ಉಗಿಬಂಡಿಗೆ ನೂರು ಮೀಟರ್ ಮೀರಿ ಬೇಕು, ಅದಕ್ಕಿಂತ ಬಿಗಿಯಾದರೆ ಬೋಗಿಗಳ ತುದಿಯಲ್ಲಿ ಧಕ್ಕೆ ತಡೆಯುವ ಬಫರ್‌ಗಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ.

ವಿದ್ಯುತ್ತಿನ ಬಗ್ಗೆ ಮಾತ್ರ ಹೆಚ್ಚು ಹೇಳಬೇಕು, ಯಾಕೆಂದರೆ ಇದರ ಹಾನಿ ಕಣ್ಣಿಗೆ ಬೀಳಲು ವರ್ಷಗಳು ಹಿಡಿಯುತ್ತವೆ. ಟ್ರಾಮ್‌ನ ಡಿಸಿ ಕರೆಂಟ್ ಹಳಿಯ ಮೂಲಕ ಸಬ್‌ಸ್ಟೇಷನ್‌ಗೆ ಮರಳುತ್ತದೆ. ಆ ಹಳಿಗೆ ಪಾರಂಪರಿಕ ರೈಲಿನ ಹಳಿಯನ್ನು ಸೇರಿಸಿದಿರೋ, ಒದ್ದೆ ಸ್ಲೀಪರ್, ಬೂದಿ ಬೆರೆತ ಜಲ್ಲಿಯ ಮೂಲಕ ಕರೆಂಟ್ ನೆಲಕ್ಕೆ ಸೋರುತ್ತದೆ. ಸೋರುವಲ್ಲಿ ಹಳಿಯ ಬುಡ, ಮೊಳೆ, ನೆಲದೊಳಗಿನ ನೀರಿನ ಕೊಳವೆ ತುಕ್ಕು ಹಿಡಿದು ಸವೆಯುತ್ತವೆ. ಗಡಿಯಲ್ಲಿ ಎರಡೂ ಹಳಿಗಳಿಗೆ ಕರೆಂಟ್ ದಾಟದಂತೆ ತಡೆಯುವ ಇನ್ಸುಲೇಟೆಡ್ ಜಾಯಿಂಟ್ ಹಾಕಬೇಕು. ಒಂದೇ ಜೋಡಿ ಹಾಕಿ ಕೈತೊಳೆದುಕೊಂಡರೆ ಬಂಡಿ ಅದರ ಮೇಲೆ ನಿಂತಾಗ ಗಾಲಿ, ಆಕ್ಸಲ್, ಚೌಕಟ್ಟುಗಳೇ ಸೇತುವೆಯಾಗಿ ಎರಡೂ ಕಡೆ ಮತ್ತೆ ಸೇರಿಬಿಡುತ್ತವೆ, ಕರೆಂಟ್ ಬೇರಿಂಗ್‌ಗಳ ಮೂಲಕ ಹರಿದು ಅವನ್ನೂ ಸುಡುತ್ತದೆ. ಎರಡು ಜೋಡಿ ಬೇಕು, ನಡುವಿನ ದೂರ ಅಲ್ಲಿ ಹಾಯುವ ಅತಿ ಉದ್ದದ ಗಾಡಿಗಿಂತ ಹೆಚ್ಚಿರಬೇಕು. ಟ್ರಾಮ್ ತನ್ನದೇ ಶಕ್ತಿಯಿಂದ ಗಡಿ ದಾಟಬೇಕಾದರೆ ನಡುವಿನ ತುಂಡಿನಿಂದ ಕರೆಂಟ್ ಹಿಂತಿರುಗಲು ದಾರಿ ಕೊಡುವ ಸ್ವಿಚ್ ಬೇಕು. ಎಳೆದುಕೊಂಡು ದಾಟಿಸುವುದೇ ಆದರೆ ಈ ಖರ್ಚು ಉಳಿಯುತ್ತದೆ.

ತಂತಿಯ ಕೆಳಗೆ ಉಗಿಬಂಡಿ ನಿಲ್ಲಿಸುವುದಾದರೆ, ಚಿಮಣಿ ಸೆಕ್ಷನ್ ಇನ್ಸುಲೇಟರ್‌ನ (ತಂತಿಯ ಎರಡು ವಿಭಾಗಗಳ ನಡುವೆ ಕರೆಂಟ್ ತಡೆಯುವ ತುಂಡು) ನೇರಕ್ಕೆ ಬರಬಾರದು. ಬಿಸಿಗಾಳಿಗೆ ತಾಮ್ರದ ತಂತಿ ಮೆದುವಾಗುತ್ತದೆ, ಮಸಿ ಕೂತ ಇನ್ಸುಲೇಟರ್ ಮಳೆಯಲ್ಲಿ ಕಿಡಿ ಕಾರುತ್ತದೆ. ಕಲ್ಲಿದ್ದಲು ಪೆಟ್ಟಿಗೆ ಹತ್ತುವುದು, ಬೆಂಕಿ ಕೆದಕುವ ಉದ್ದ ಸಲಾಕೆ ಹೊರಗೆಳೆಯುವುದು ಪೂರ್ತಿ ನಿಷಿದ್ಧ. ಬೀದಿಯಲ್ಲಿ ಹೂತ ಹಳಿಗೆ ರಬ್ಬರ್ ಕವಚ ಇರುವುದರಿಂದ ಬೂದಿತಟ್ಟೆಯನ್ನು ಮುಚ್ಚಿಯೇ ಹಾಯಿಸಬೇಕು.

ಬ್ರೇಕಿನ ಅಂತರ ನೋಡಿದರೆ ಎರಡನ್ನೂ ಒಟ್ಟಿಗೆ ಬಿಡುವ ಆಸೆ ತಾನಾಗಿ ತಣ್ಣಗಾಗುತ್ತದೆ. 40 ಕಿ.ಮೀ. ವೇಗದಲ್ಲಿ ಮ್ಯಾಗ್ನೆಟಿಕ್ ಬ್ರೇಕ್ ಇರುವ ಟ್ರಾಮ್ ಸುಮಾರು 25 ಮೀಟರಿನಲ್ಲಿ ನಿಂತರೆ, ಪ್ರತಿ ಸೆಕೆಂಡಿನಲ್ಲೂ ವೇಗವನ್ನು ಸೆಕೆಂಡಿಗೆ 0.6 ಮೀ.ನಷ್ಟು ಇಳಿಸುವ ಹಳೆಯ ರೈಲಿಗೆ ಸುಮಾರು 103 ಮೀಟರ್ ಬೇಕು. ಟ್ರಾಮ್ ಚಾಲಕರಂತೆ ಕಣ್ಣಳತೆಯಲ್ಲಿ ಓಡಿಸುವುದು ಇಲ್ಲಿ ನಡೆಯದು. ಡಿಕ್ಕಿಯಾದರಂತೂ ರೈಲಿನ ಬಫರ್ ಟ್ರಾಮ್‌ನ ಗಟ್ಟಿ ಚೌಕಟ್ಟಿಗೆ ಸಿಗದೆ ಮೇಲಿನ ಗಾಜಿನ ಮಟ್ಟಕ್ಕೆ ನುಗ್ಗುತ್ತದೆ. ಒಂದು ಭಾಗದಲ್ಲಿ ಒಂದೇ ಗಾಡಿ ಇರುವಂತೆ ಕಾಯುವ ಸಿಗ್ನಲ್ ಬ್ಲಾಕ್ ಬೇಕು, ಇಲ್ಲವೇ ಒಂದರ ಸರದಿ ಪೂರ್ತಿ ಮುಗಿದ ಮೇಲೆ ಇನ್ನೊಂದು. ಹಳೆಯ ಟ್ರಾಮ್, ಹೊಸ ಟ್ರಾಮ್ ಹಂಚಿಕೊಳ್ಳುವುದಾದರೆ ಇಷ್ಟು ಕಷ್ಟವಿಲ್ಲ. ಸ್ಟಾಕ್‌ಹೋಮ್‌ನಲ್ಲಿ 1991ರಲ್ಲಿ ಶುರುವಾದ ಯೂರ್‌ಗೋರ್ಡನ್ ಪಾರಂಪರಿಕ ಟ್ರಾಮ್ ಹಳಿಯಲ್ಲೇ 2010ರಿಂದ ಹೊಸ ಟ್ರಾಮ್‌ಗಳೂ ಓಡುತ್ತಿವೆ.

ಇಷ್ಟೆಲ್ಲ ಆದಮೇಲೂ ಜೋಡಣೆ ಬೇಕೇ? ಮಾಮೂಲು ಪ್ರಯಾಣಕ್ಕೆ ಬಹುತೇಕ ಬೇಡ. ಟ್ರಾಮ್ ಡಿಪೋದ ಗಾಲಿ ಲೇತ್ ಬಳಸಿಕೊಳ್ಳಲು, ಹೊಸ ಟ್ರಾಮ್ ತರಲು, ಟ್ರಾಮ್ ಮಾರ್ಗಕ್ಕೆ ಜಲ್ಲಿ ವ್ಯಾಗನ್ ಕಳಿಸಲು ಖಂಡಿತ ಉಪಯೋಗ. ಇಂಗ್ಲೆಂಡಿನ ಬರಿ (Bury) ಊರಿನಲ್ಲಂತೂ, 2003ರಲ್ಲಿ ತೆರೆದ ಹೇವುಡ್ ವಿಸ್ತರಣೆಗಾಗಿ, ಈಸ್ಟ್ ಲ್ಯಾಂಕಶೈರ್ ಪಾರಂಪರಿಕ ರೈಲಿನವರು ಮೆಟ್ರೋಲಿಂಕ್ ಟ್ರಾಮ್ ಹಳಿಯನ್ನು ಸೇತುವೆಯ ಮೇಲಿಂದ ದಾಟಿಬಿಟ್ಟರು, ಆಚೀಚೆ ಕಡಿದಾದ ಏರಿಳಿತ ಬಂದರೂ ಸರಿ ಎಂದು.

ಕೆಲಸಕ್ಕಷ್ಟೇ ಬಳಸುವ ಜೋಡಣೆಯಾದರೆ ದಾಟಿಸುವ ಕ್ರಮ ಹೀಗೆ. ಮೊದಲು ಪ್ರತಿ ಗಾಲಿಜೋಡಿಯ ಬ್ಯಾಕ್-ಟು-ಬ್ಯಾಕ್ ಅನ್ನು ಮೂರು ಕಡೆ ಅಳೆದು ಬರೆದಿಡಿ, ಬಾಗಿದ ಆಕ್ಸಲ್ ಒಂದೇ ಅಳತೆಯಲ್ಲಿ ಸಿಕ್ಕಿಬೀಳುವುದಿಲ್ಲ. ಟ್ರಾಮ್ ಸಂಚಾರ ನಿಂತ ಮೇಲೆ ತಂತಿಯ ವಿದ್ಯುತ್ ತೆಗೆದು ಅರ್ಥಿಂಗ್ ಕೊಟ್ಟು, ಎರಡೂ ಕಡೆಯ ಡಿರೇಲರ್ (ಅಪ್ಪಣೆಯಿಲ್ಲದೆ ನುಗ್ಗುವ ಬಂಡಿಯನ್ನು ಹಳಿ ತಪ್ಪಿಸುವ ಸಾಧನ) ಬೀಗ ತೆರೆಯಬೇಕು. ಬೀಗದ ಕೈ ಒಂದೇ ಇರಲಿ, ಅದು ಪಾಯಿಂಟಿನಲ್ಲಿದ್ದಾಗ ಸಿಗ್ನಲ್ ಹಸಿರಾಗದಂತಿರಲಿ. ಟ್ರಾಮ್ ಪಾಯಿಂಟಿನ ನಾಲಗೆ ಸ್ಪ್ರಿಂಗ್ ಬಲದಲ್ಲಷ್ಟೇ ನಿಂತಿರುತ್ತದೆ, ರೈಲು ಗಾಲಿ ಎದುರಿನಿಂದ ಬರುವುದಾದರೆ ಕ್ಲ್ಯಾಂಪ್ ಬಿಗಿಯಬೇಕು. ಎಳೆಸಿಕೊಳ್ಳುವ ಟ್ರಾಮ್‌ನ ಪ್ಯಾಂಟೋಗ್ರಾಫ್ ಕಟ್ಟಿ, ಸ್ಪ್ರಿಂಗ್ ಬ್ರೇಕನ್ನು ಕೈಪಂಪಿನಿಂದ ಸಡಿಲಿಸಿದ ಮೇಲೆ ಆ ಬಂಡಿಗೆ ಸ್ವಂತ ಬ್ರೇಕೇ ಇಲ್ಲ ಎಂದು ತಿಳಿಯಿರಿ. ಎಂಜಿನ್ ಯಾವಾಗಲೂ ಇಳಿಜಾರಿನ ಕಡೆ ಇರಲಿ. ಕೊಂಡಿಗಳ ಎತ್ತರ ಹೊಂದದಿದ್ದರೆ ನಡುವೆ ಎರಡೂ ಬಗೆಯ ಕೊಂಡಿ ಇರುವ ವ್ಯಾಗನ್ ಹಾಕಿ. ಓರೆ ಎಳೆದಂಡದಿಂದ ನೂಕಿದರೆ ಹಗುರ ಬಂಡಿಯ ತುದಿ ಮೇಲೇಳುತ್ತದೆ. ವೇಗ ಗಂಟೆಗೆ 5 ಕಿ.ಮೀ., ಪ್ರತಿ ಕ್ರಾಸಿಂಗ್ ಬಳಿ ಗಾಲಿಯನ್ನೇ ನೋಡುತ್ತ ಒಬ್ಬರು ನಡೆದು ಬರಬೇಕು. ದಾಟಿದ ಕೂಡಲೇ ಡಿರೇಲರ್ ಮುಚ್ಚಿ, ಇನ್ಸುಲೇಟೆಡ್ ಜಾಯಿಂಟ್‌ಗಳ ಮೇಲೆ ಬಿದ್ದ ಕಬ್ಬಿಣದ ಪುಡಿ ಗುಡಿಸಿ, ಎರಡೂ ಬದಿಯ ರೋಧವನ್ನು ಮೀಟರಿನಲ್ಲಿ ಅಳೆದ ಮೇಲಷ್ಟೇ ತಂತಿಗೆ ವಿದ್ಯುತ್ ಕೊಡಿಸಿ.