ಕೆಂಪು ಗೆರೆ ನಂಬಿ ಅಳಿಸಿದ ಏಳನೇ ಅಕ್ಷರ

ಶನಿವಾರ ಮಧ್ಯಾಹ್ನ ನಾಲ್ಕು ಗಂಟೆ. ಎರಡು ಡಬ್ಬ ಪುಸ್ತಿಕೆ ಕಟ್ಟಿ ಕೌಂಟರ್ ಮೇಲೆ ಇಟ್ಟಿದ್ದೆ. ತಗೊಂಡು ಹೋಗಲು ಇಬ್ಬರು ಬಂದಿದ್ದರು. ಒಬ್ಬರು ತೀರಿಕೊಂಡ ತಾಯಿಯ ಮಗಳು. ಇನ್ನೊಬ್ಬರು ಅವರ ಚರ್ಚಿನಲ್ಲಿ ಕಾಯರ್, ಅಂದರೆ ಹಾಡುವ ತಂಡ, ನಡೆಸುವ ಹಿರಿಯರು. ಅವರು ಒಂದು ಪ್ರತಿ ಎತ್ತಿಕೊಂಡರು. ಮುಖಪುಟದ ಮೇಲೆ ಬೆರಳಾಡಿಸಿ ತಲೆದೂಗಿದರು. ಒಳಗಿನ ಹಾಡಿನ ಪುಟ ತೆರೆದು ಸಣ್ಣಗೆ ಗುನುಗಲು ಶುರು ಮಾಡಿದರು. ಮೊದಲ ಸಾಲು ಮುಗಿಯುವ ಮೊದಲೇ ದನಿ ನಿಂತಿತು.

ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ಅದೇ ಸಾಲು ನೋಡಿದರು. ಆಮೇಲೆ ನನ್ನನ್ನು ಕೇಳಿದರು: "ಇಲ್ಲಿದ್ದ ಅಕ್ಷರ ಎಲ್ಲಿ?"

ನಾಲ್ಕು ವರ್ಷ ಆಯಿತು. ಆ ಪ್ರಶ್ನೆ ನೆನಪಾದರೆ ಈಗಲೂ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಗುತ್ತದೆ.

ನಾನು ಬಾಸ್ಟನ್ ಪಕ್ಕದ ವಾಟರ್‌ಟೌನಿಗೆ ಹತ್ತಿರದ ಒಂದು ಪ್ರೆಸ್ಸಿನಲ್ಲಿ ಪ್ರಿಪ್ರೆಸ್, ಅಂದರೆ ಅಚ್ಚಿಗೆ ಹೋಗುವ ಮೊದಲು ಫೈಲ್ ಸಿದ್ಧ ಮಾಡುವ ಕೆಲಸ, ನೋಡಿಕೊಳ್ಳುತ್ತೇನೆ. ಅಮೆರಿಕಕ್ಕೆ ಬರುವ ಮೊದಲು ಬೆಂಗಳೂರಿನ ಚಿಕ್ಕಪೇಟೆ ಕಡೆ ಡಿಟಿಪಿ ಮಾಡಿದವನು. ಮದುವೆ ಕಾರ್ಡು, ವೈಕುಂಠ ಸಮಾರಾಧನೆ ಕಾರ್ಡು, ಸ್ಮರಣ ಸಂಚಿಕೆ, ಎಲ್ಲ ನುಡಿ ಮತ್ತು ಶ್ರೀಲಿಪಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ. ವಾಟರ್‌ಟೌನ್ ಆರ್ಮೇನಿಯನ್ನರ ಹಳೆಯ ಊರು. ಮೌಂಟ್ ಆಬರ್ನ್ ರಸ್ತೆಯಲ್ಲಿ ನಡೆದರೆ ಅವರ ಬೇಕರಿ, ಅವರ ಅಂಗಡಿ, ಅವರ ಚರ್ಚು. ಹಾಗಾಗಿ ಅವರ ಕೆಲಸ ನಮ್ಮಲ್ಲಿಗೆ ಆಗಾಗ ಬರುತ್ತದೆ.

ಈ ಜಾಬ್ ಬಂದದ್ದು ಗುರುವಾರ. ಹದಿನಾರು ಪುಟ, 250 ಪ್ರತಿ, ಸ್ಯಾಡಲ್ ಸ್ಟಿಚ್ (ನಡುವೆ ಮಡಿಸಿ ಬೆನ್ನಿಗೆ ಪಿನ್ನು), ಕವರ್ ದಪ್ಪ ಕಾಗದ. ಭಾನುವಾರ ಚರ್ಚಿನಲ್ಲಿ ಬದರಾಕ್, ಅಂದರೆ ಅವರ ಮುಖ್ಯ ಆರಾಧನೆ, ಮುಗಿದ ಮೇಲೆ ಆ ತಾಯಿಯ ನಲವತ್ತನೇ ದಿನದ ಹೊಕೆಹಂಕಿಸ್ದ್. ನಮ್ಮಲ್ಲಿ ಹದಿಮೂರನೇ ದಿನ ಇದ್ದ ಹಾಗೆ ಅವರಲ್ಲಿ ನಲವತ್ತನೇ ದಿನದ ಪ್ರಾರ್ಥನೆ. ಅದಾದ ಮೇಲೆ ಎಲ್ಲರೂ ಕೂತು ಊಟ ಮಾಡುತ್ತಾರೆ. ಅದಕ್ಕೆ ಹೊಕೆಜಾಶ್ ಅಂತ ಹೆಸರು.

ಪುಸ್ತಿಕೆಯ ಮೊದಲ ಪುಟಗಳಲ್ಲಿ ತಾಯಿಯ ಬದುಕು, ಕೊನೆಯಲ್ಲಿ ಅವರು ಬಿಡಿಸಿದ ಚಿತ್ರ, ಐದರಿಂದ ಹನ್ನೆರಡನೇ ಪುಟದವರೆಗೆ ಹಾಡು. ಹಾಡಿನ ಫೈಲನ್ನು ತಾಯಿಯೇ ಟೈಪ್ ಮಾಡಿಟ್ಟಿದ್ದರು, ಎಷ್ಟೋ ವರ್ಷದ ಹಿಂದೆ, ಕಾಯರಿನವರಿಗೆ ಹಂಚಲು. ತೆರೆದು ನೋಡಿದರೆ ಬರೀ ಅರ್ಥವಿಲ್ಲದ ಚಿಹ್ನೆ. ನನಗೆ ಆ ನೋಟ ಹೊಸದಲ್ಲ. ನುಡಿಯಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಮಷೀನಲ್ಲಿ ತೆರೆದರೆ ಹೀಗೇ ಅಲ್ವಾ? ಯೂನಿಕೋಡ್‌ಗೆ ಮುಂಚಿನ ಫಾಂಟ್ ಅಂತ ತಕ್ಷಣ ಗೊತ್ತಾಯಿತು. ಯಾವ ಚಿಹ್ನೆಗೆ ಯಾವ ಅಕ್ಷರ ಅಂತ ಪಟ್ಟಿ ಮಾಡಿ ಒಂದು ಗಂಟೆಯಲ್ಲಿ ಬದಲಾಯಿಸಿದೆ. ನಮ್ಮ ಪ್ರೆಸ್ಸಿನಲ್ಲಿ ಬೇರೆ ಯಾರಿಗೂ ಬಾರದ ಕೆಲಸ. ಖುಷಿಯಾಯಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು.

ಲೇಔಟಿಗೆ ಹಾಕಿದ ಮೇಲೆ ಪುಟದ ತುಂಬಾ ಕೆಂಪು ಗೆರೆ ಬಂತು. ಸಾಫ್ಟ್‌ವೇರಿನಲ್ಲಿದ್ದ ಆರ್ಮೇನಿಯನ್ ಡಿಕ್ಷನರಿ ಪದ ತಪ್ಪು ಅನ್ನುತ್ತಿತ್ತು. ಆರ್ಮೇನಿಯನ್ ಲಿಪಿಯಲ್ಲಿ 'ಎ' ಧ್ವನಿಗೆ ಎರಡು ಅಕ್ಷರ ಇವೆ. ಐದನೆಯದು ಯೆಚ್, ಏಳನೆಯದು ಎ. ಪದದ ನಡುವೆ ಏಳನೆಯದು ಬಂದ ಕಡೆಯೆಲ್ಲ ಡಿಕ್ಷನರಿ ಐದನೆಯದನ್ನು ಹಾಕು ಅನ್ನುತ್ತಿತ್ತು. ಯೆರುಸಾಘೆಮ್ ಅನ್ನುವ ಒಂದೇ ಪದದಲ್ಲಿ ಎರಡೂ ಇದ್ದವು, ಶುರುವಿಗೆ ಐದನೆಯದು, ಕೊನೆ ಹತ್ತಿರ ಏಳನೆಯದು. ಒಂದೇ ಪದದಲ್ಲಿ ಎರಡು ಥರದ ಎ ಯಾಕಿರುತ್ತದೆ? ನನ್ನ ಪಟ್ಟಿಯಲ್ಲೇ ಎರಡು ಅಕ್ಷರ ಅದಲುಬದಲಾಗಿವೆ ಅಂದುಕೊಂಡೆ. ನುಡಿ ಫೈಲಿನಲ್ಲಿ ಒತ್ತಕ್ಷರ ಹೀಗೆ ಕೆಟ್ಟದ್ದನ್ನು ನೂರು ಸಲ ನೋಡಿದ್ದೆ. ಒಂದೊಂದಾಗಿ ಡಿಕ್ಷನರಿ ಹೇಳಿದಂತೆ ತಿದ್ದಿದೆ. ತೀರಿಹೋದವರ ಪುಸ್ತಕದಲ್ಲಿ ತಪ್ಪು ಇರಬಾರದು ಅನ್ನುವ ಕಾಳಜಿ ಇತ್ತು. ಆ ಕಾಳಜಿಯಲ್ಲೇ ಕೆಡಿಸಿದೆ.

ಪ್ರೂಫ್ ಕಳಿಸಿದೆ. ಮಗಳು ರಾತ್ರಿ ಹನ್ನೊಂದಕ್ಕೆ ಸೈನ್ ಮಾಡಿ ವಾಪಸ್ ಕಳಿಸಿದರು. ಅಮ್ಮನ ಮನೆ ಖಾಲಿ ಮಾಡುತ್ತಿದ್ದ ದಿನಗಳು ಅವು. ಅವರಿಗೆ ಆರ್ಮೇನಿಯನ್ ಮಾತು ಬರುತ್ತದೆ, ಓದುವುದು ನಿಧಾನ. ಅವರು ನೋಡಿದ್ದು ಫೋಟೊ ಸರಿ ಇದೆಯಾ, ಹೆಸರು ಸರಿ ಇದೆಯಾ ಅಂತ. ದುಃಖದಲ್ಲಿರುವವರ ಸೈನಿಗೆ ಅಷ್ಟು ಭಾರ ಹೊರಿಸಬಾರದು.

ಕೌಂಟರಿಗೆ ಮರಳುತ್ತೇನೆ. ನಾನು ತಿದ್ದಿದ್ದನ್ನು ಹೇಳಿದೆ. ಹಿರಿಯರು ಕೂಗಾಡಲಿಲ್ಲ. ನಿಧಾನಕ್ಕೆ ಹೇಳಿದರು. 1922ರಲ್ಲಿ ಸೋವಿಯತ್ ಆರ್ಮೇನಿಯಾದಲ್ಲಿ ಸರ್ಕಾರ ಕಾಗುಣಿತ ಬದಲಾಯಿಸಿತು. ಏಳನೇ ಅಕ್ಷರವನ್ನೇ ಆಗ ತೆಗೆದಿದ್ದರು. 1940ರಲ್ಲಿ ವಾಪಸ್ ತಂದರೂ ಹಳೆಯ ಜಾಗವೆಲ್ಲ ಸಿಗಲಿಲ್ಲ. 1915ರ ನರಮೇಧದಲ್ಲಿ ತುರ್ಕಿಯಿಂದ ತಪ್ಪಿಸಿಕೊಂಡು ಜಗತ್ತೆಲ್ಲ ಚದುರಿದವರು ಮಾತ್ರ ಹಳೆಯ ಕಾಗುಣಿತವನ್ನೇ ಉಳಿಸಿಕೊಂಡರು. ಚರ್ಚಿನ ಹಾಡಂತೂ ಗ್ರಾಬಾರ್, ಅಂದರೆ ಅವರ ಹಳೆಯ ಭಾಷೆ. ನಮ್ಮ ಡಿಕ್ಷನರಿ ಹೊಸ ಕಾಗುಣಿತದ್ದು. ಪಂಪನ ಪದ್ಯದಲ್ಲಿ ೞ ಇದ್ದ ಕಡೆಯೆಲ್ಲ ಯಾರೋ ಳ ಹಾಕಿ ಅಚ್ಚು ಮಾಡಿದರೆ ನನಗೆ ಹೇಗಾಗುತ್ತಿತ್ತು? ಆ ಪ್ರಶ್ನೆ ಗುರುವಾರವೇ ಹುಟ್ಟಬೇಕಿತ್ತು.

ಆಮೇಲೆ ಅವರು ಮುಖಪುಟವನ್ನು ನನ್ನ ಕಡೆ ತಿರುಗಿಸಿದರು. ಅದರಲ್ಲಿ ಆ ತಾಯಿ ಬಿಡಿಸಿದ ಒಂದೇ ಒಂದು ಅಕ್ಷರ. ಗೆರೆಗಳೆಲ್ಲ ಹಕ್ಕಿಗಳು. ಕೊಕ್ಕು, ಕುತ್ತಿಗೆ, ಬಾಲ ಸೇರಿ ಅಕ್ಷರವಾಗಿತ್ತು. ನಾನು ಅದನ್ನು ಸ್ಕ್ಯಾನ್ ಮಾಡಿದ್ದೆ, ಬಣ್ಣ ಸರಿ ಮಾಡಿದ್ದೆ, ಬ್ಲೀಡ್ ಕೊಟ್ಟಿದ್ದೆ. ಚಿತ್ರ ಅಂತ ನೋಡಿದ್ದೆನೇ ಹೊರತು ಯಾವ ಅಕ್ಷರ ಅಂತ ನೋಡಿರಲಿಲ್ಲ. ಅದೇ ಏಳನೇ ಅಕ್ಷರ. ಆರ್ಮೇನಿಯನ್ನಿನಲ್ಲಿ ಆ ಒಂದು ಅಕ್ಷರವೇ ಒಂದು ಪೂರ್ತಿ ಪದ. 'ಇದ್ದಾನೆ' ಅಂತ ಅರ್ಥ. ದೇವರ ಹೆಸರು ಅಂತ ಚರ್ಚಿನ ಬಲಿಪೀಠದ ಮೇಲೆ ಅದನ್ನು ಬರೆದಿರುತ್ತಾರೆ.

ಕವರ್ ಮೇಲೆ ಅದನ್ನು ಇಟ್ಟು ಒಳಗೆಲ್ಲ ನಾನೇ ಅಳಿಸಿದ್ದೆ.

ಮ್ಯಾನೇಜರಿಗೆ ಫೋನ್ ಮಾಡಿದೆ. "ಪ್ರೂಫ್ ಸೈನ್ ಆಗಿದೆ ತಾನೇ? ಮತ್ತೆ ಪ್ರಿಂಟ್ ಬೇಕು ಅಂದರೆ ಅವರೇ ದುಡ್ಡು ಕೊಡಲಿ, ಸೋಮವಾರ ನೋಡೋಣ" ಅಂದರು. ಸೋಮವಾರ ಬಂದು ಏನು ಪ್ರಯೋಜನ? ಈ ಸೈನ್-ಆಫ್ ನಿಯಮದ ಬಗ್ಗೆ ನನಗೆ ಮೊದಲಿನಿಂದ ಸಿಟ್ಟಿದೆ. ತಪ್ಪು ಮಾಡಿದವರನ್ನು ಉಳಿಸಲು ಮಾಡಿದ ನಿಯಮ ಅದು. ತಪ್ಪು ತಡೆಯುವುದಿಲ್ಲ. ಗಿರಾಕಿ ಓದಲಾರದ ಪುಟಕ್ಕೆ ಗಿರಾಕಿಯಿಂದ ಸೈನ್ ಹಾಕಿಸುತ್ತೇವೆ. ಹತ್ತು ಭಾಷೆಯ ಜಾಬ್ ತಗೊಳ್ಳುತ್ತೇವೆ, ಒಂದು ಭಾಷೆಗೂ ಓದುವವರನ್ನು ಇಟ್ಟುಕೊಳ್ಳುವುದಿಲ್ಲ. ಈ ಜಾಬಿಗೆ ಮಾತ್ರ ಅದೂ ನೆಪವಾಗದು. ತಿದ್ದಿದ್ದು ನಾನು, ತಿದ್ದಿದ್ದೇನೆ ಅಂತ ಪ್ರೂಫ್ ಜೊತೆ ಒಂದು ಸಾಲು ಬರೆಯದವನೂ ನಾನೇ.

ನಾಲ್ಕೂ ಕಾಲು. ಐದಕ್ಕೆ ಶಟರ್. ಆಪರೇಟರ್ ಮನೆಗೆ ಹೋಗಿಯಾಗಿತ್ತು. ತಿದ್ದಿದ ಫೈಲಿನ ಮೇಲೇ ಸೇವ್ ಮಾಡಿದ್ದೆ, ಹಳೆಯದು ಇರಲಿಲ್ಲ. ಮಗಳ ಮೇಲ್ ಹುಡುಕಿ ಮೂಲ ಫೈಲ್ ಮತ್ತೆ ಇಳಿಸಿದೆ. ಕೈ ನಡುಗುತ್ತಿತ್ತು. ಪಟ್ಟಿ ಹಾಕಿ ಬದಲಾಯಿಸಿದೆ, ಡಿಕ್ಷನರಿ ತೆಗೆದುಹಾಕಿದೆ. ಹಿರಿಯರಿಗೆ ಪಕ್ಕದಲ್ಲಿ ಕುರ್ಚಿ ಹಾಕಿದೆ. ಅವರು ಸ್ಕ್ರೀನ್ ನೋಡುತ್ತಾ ಪ್ರತಿ ಸಾಲನ್ನೂ ಹಾಡಿಯೇ ಓದಿದರು. ಅವರಿಗೆ ಹಾಡದೆ ಓದಲು ಬರುತ್ತಿರಲಿಲ್ಲ. ಒಂದು ಕಡೆ ಅಕ್ಷರದ ಬದಲು ಖಾಲಿ ಚೌಕ ಬಂದಿತ್ತು. ದನಿ ಅಲ್ಲಿ ತಡೆಯಿತು, ಸರಿ ಮಾಡಿದೆ. ಎಂಟು ಪುಟಕ್ಕೆ ಇಪ್ಪತ್ತು ನಿಮಿಷ. ಗುರುವಾರ ಅವರಿಗೆ ಒಂದು ಫೋನ್ ಮಾಡಿದ್ದರೆ ಇದೇ ಇಪ್ಪತ್ತು ನಿಮಿಷ ಸಾಕಿತ್ತು.

ಇಂಪೊಸಿಷನ್, ಅಂದರೆ ಯಾವ ಶೀಟಿನಲ್ಲಿ ಯಾವ ಪುಟ ಅನ್ನುವ ಜೋಡಣೆ, ನೋಡಿದರೆ ಐದರಿಂದ ಹನ್ನೆರಡರವರೆಗಿನ ಪುಟಗಳು ಒಳಗಿನ ಎರಡು ಶೀಟಿನಲ್ಲೇ ಇದ್ದವು. ಕವರ್ ಮತ್ತು ಅದರ ಒಳಗಿನ ಶೀಟು ಉಳಿಸಿಕೊಳ್ಳಬಹುದು. 500 ಶೀಟು ಎರಡೂ ಬದಿ ಪ್ರಿಂಟಿಗೆ ಹಾಕಿದೆ. ಆ ಕಡೆ ಮಷೀನ್ ಓಡುತ್ತಿತ್ತು. ಈ ಕಡೆ ನಾವು ಮೂವರು ಮೇಜಿನ ಸುತ್ತ ಕೂತು ಒಂದೊಂದೇ ಪುಸ್ತಿಕೆಯ ಪಿನ್ನು ಕೀಳತೊಡಗಿದೆವು.

ಶಟರ್ ಅರ್ಧ ಇಳಿಸಿದೆ. ಐದಾಯಿತು, ಆರಾಯಿತು. ಪಿನ್ನು ಕೀಳುತ್ತಾ ಮಗಳು ಅಮ್ಮನ ಬಗ್ಗೆ ಮಾತಾಡಿದರು. ಪುಸ್ತಿಕೆಯ ಮೊದಲ ಪುಟಗಳನ್ನು ನಾನು ಫಾಂಟ್ ಸೈಜಿಗೆ ನೋಡಿದ್ದೆ, ಆ ಬದುಕು ಕೇಳಿದ್ದು ಅವತ್ತೇ.

ಅಜ್ಜ ಅಜ್ಜಿ ತುರ್ಕಿಯ ಮರಾಶ್ ಊರಿನವರು. ಮನೆಮಂದಿಯನ್ನು ಕಳೆದುಕೊಂಡು ಸಿರಿಯಾದ ಅಲೆಪ್ಪೊ ದಾಟಿ ಇಲ್ಲಿಗೆ ಬಂದವರು. ಅಜ್ಜನಿಗೆ ಹುಡ್ ರಬ್ಬರ್ ಕಾರ್ಖಾನೆಯಲ್ಲಿ ಕೆಲಸ. ಆಗ ವಾಟರ್‌ಟೌನಿಗೆ ಬಂದ ಎಷ್ಟೋ ಆರ್ಮೇನಿಯನ್ನರು ದುಡಿದದ್ದು ಅಲ್ಲೇ. ಅಮ್ಮ ಹುಟ್ಟಿದ್ದು ಇಲ್ಲೇ, ಸಾಯುವ ತನಕ ಊರು ಬಿಡಲಿಲ್ಲ. ಅಡುಗೆಮನೆ ಮೇಜಿನ ಮೇಲೆ ಪಾತ್ರೆ ಸರಿಸಿ ಬಣ್ಣ ಹರಡಿಕೊಳ್ಳುತ್ತಿದ್ದರು. ತೊರೊಸ್ ರೊಸ್ಲಿನ್ ಅಂತ ಹದಿಮೂರನೇ ಶತಮಾನದ ಆರ್ಮೇನಿಯನ್ ಚಿತ್ರಕಾರ. ಅವನು 1262ರಲ್ಲಿ ಚಿತ್ರ ಬರೆದ ಸುವಾರ್ತೆಯ ಪುಸ್ತಕ ಬಾಲ್ಟಿಮೋರಿನ ವಾಲ್ಟರ್ಸ್ ಮ್ಯೂಸಿಯಮ್ಮಿನಲ್ಲಿದೆ. ಅದನ್ನು ನೋಡಲು ಅಮ್ಮ ಇಡೀ ದಿನ ಬಸ್ಸಿನಲ್ಲಿ ಹೋಗಿದ್ದರಂತೆ. ಶನಿವಾರದ ಶಾಲೆಯ ಮಕ್ಕಳಿಗೆ ಮೊದಲ ದಿನವೇ ಅವರವರ ಹೆಸರಿನ ಅಕ್ಷರವನ್ನು ಹಕ್ಕಿಗಳಲ್ಲಿ ಬಿಡಿಸಿ ಕೊಡುತ್ತಿದ್ದರು. ಸಾವಿನ ಮನೆಗೆ ಒಬ್ಬ ನಡುವಯಸ್ಸಿನ ಗಂಡಸು ಬಂದು, ಪರ್ಸಿನಿಂದ ಮಡಿಸಿದ ಅಂಥ ಕಾಗದ ತೆಗೆದು ತೋರಿಸಿ, ಮಾತಾಡದೆ ಹೋದನಂತೆ.

ಕಾಯರಿನಲ್ಲಿ ಅವರದು ಆಲ್ಟೊ, ಅಂದರೆ ಹೆಂಗಸರ ಕೆಳಗಿನ ದನಿ, ಐವತ್ತು ವರ್ಷಕ್ಕಿಂತ ಜಾಸ್ತಿ. ಅವರು ಹಾಡುತ್ತಿದ್ದ ಬದರಾಕ್ ಮಕಾರ್ ಯೆಕ್ಮಾಲಿಯನ್ ಸ್ವರ ಹಾಕಿದ್ದು, 1896ರಲ್ಲಿ ಅಚ್ಚಾದದ್ದು. ಮನೆಯಲ್ಲಿ ಪಾತ್ರೆ ತೊಳೆಯುವಾಗ ಅಭ್ಯಾಸ. ಆದರೆ ಹಾಡುತ್ತಿದ್ದದ್ದು ತಮ್ಮ ಕೆಳಗಿನ ದನಿಯನ್ನು ಮಾತ್ರ. "ನನಗೆ ಹತ್ತು ವರ್ಷ ಆಗುವವರೆಗೂ ಅದೇ ಹಾಡಿನ ರಾಗ ಅಂದುಕೊಂಡಿದ್ದೆ" ಅಂದರು ಮಗಳು. "ಚರ್ಚಿನಲ್ಲಿ ಎಲ್ಲರೂ ಬೇರೆ ಹಾಡುತ್ತಾರೆ, ಅಮ್ಮ ಒಬ್ಬಳೇ ಸರಿಯಾಗಿ ಹಾಡುತ್ತಾಳೆ ಅನ್ನಿಸುತ್ತಿತ್ತು."

ನಾನು ಬೆಂಗಳೂರಿನವನು ಅಂದಾಗ ಹಿರಿಯರು ಕೇಳಿದರು, ಮದ್ರಾಸ್ ಹತ್ತಿರವಾ ಅಂತ. ಜಗತ್ತಿನ ಮೊದಲ ಆರ್ಮೇನಿಯನ್ ಪತ್ರಿಕೆ 'ಅಜ್ದರಾರ್' ಅಚ್ಚಾದದ್ದು ಮದ್ರಾಸಿನಲ್ಲಿ, 1794ರಲ್ಲಿ. ಹಾರುತ್ಯುನ್ ಶ್ಮಾವೊನಿಯನ್ ಅನ್ನುವ ಪಾದ್ರಿ ತಂದದ್ದು. ನಮ್ಮ 'ಮಂಗಳೂರ ಸಮಾಚಾರ'ಕ್ಕೆ 49 ವರ್ಷ ಮೊದಲು. ಇಷ್ಟು ವರ್ಷ ಅಚ್ಚಿನ ಕೆಲಸ ಮಾಡಿದ ನನಗೆ ಅದು ಗೊತ್ತೇ ಇರಲಿಲ್ಲ. "ನಮ್ಮ ಅಕ್ಷರವನ್ನು ನಿಮ್ಮ ಕಡೆಯವರು ಚೆನ್ನಾಗಿ ಅಚ್ಚು ಹಾಕಿದ್ದಾರೆ" ಅಂದು ನನ್ನ ಭುಜ ತಟ್ಟಿದರು. ಆ ಮಾತಿಗೆ ತಲೆ ಎತ್ತಲಾಗಲಿಲ್ಲ.

ಕೈ ಸ್ಟೇಪ್ಲರಿನಲ್ಲಿ 250 ಪ್ರತಿ ಮತ್ತೆ ಹೊಡೆದು ಮುಗಿಸುವಾಗ ರಾತ್ರಿ ಒಂಬತ್ತೂವರೆ. ಬೆನ್ನಿನ ಮೇಲೆ ಹಳೆಯ ಪಿನ್ನಿನ ತೂತು ಹಾಗೇ ಕಾಣುತ್ತಿದ್ದವು. ಕವರ್ ಹೊಸದಾಗಿ ಹಾಕುತ್ತೇನೆ ಅಂದೆ. ಮಗಳು ಬೇಡ ಅಂದರು.

ಸೋಮವಾರ ಮ್ಯಾನೇಜರ್ ಇದನ್ನು ಗಿರಾಕಿ ಕೇಳಿದ ಬದಲಾವಣೆ ಅಂತ ಬರೆಯಲು ಹೇಳಿದರು. ನಾನು ಪ್ರಿಪ್ರೆಸ್ ತಪ್ಪು ಅಂತಲೇ ಬರೆದೆ, ಬಿಲ್ಲಿಗೆ ಒಂದು ಡಾಲರ್ ಸೇರಿಸಲಿಲ್ಲ. ಜಾಬ್ ಟಿಕೆಟಿನಲ್ಲಿ 'ಓದಿದವರು ಯಾರು' ಅಂತ ಒಂದು ಸಾಲು ಸೇರಿಸಿ ಅಂತ ಕೇಳಿದ್ದೆ. ಇನ್ನೂ ಸೇರಿಸಿಲ್ಲ. ನನಗೆ ಬಾರದ ಭಾಷೆಯ ಜಾಬ್ ಬಂದರೆ ಟಿಕೆಟಿನ ಹಿಂದೆ ನಾನೇ ಪೆನ್ನಿನಲ್ಲಿ ಬರೆಯುತ್ತೇನೆ. ಆ ಜಾಗ ಖಾಲಿ ಇದ್ದರೆ ಫೈಲ್ ಪ್ರಿಂಟಿಗೆ ಹೋಗುವುದಿಲ್ಲ, ಯಾರು ಅವಸರ ಮಾಡಿದರೂ ಸರಿ.

ಆ ಭಾನುವಾರ ನಾನೂ ಚರ್ಚಿಗೆ ಹೋಗಿದ್ದೆ. ಹಿಂದಿನ ಸಾಲಿನಲ್ಲಿ ನಿಂತೆ. ಬಲಿಪೀಠದ ಮೇಲೆ ಆ ಅಕ್ಷರ ಇತ್ತು. ಬದರಾಕ್ ಮುಗಿಯಿತು, ಧೂಪ ಹಾಕಿದರು. 'ಇ ವೆರಿನ್ ಯೆರುಸಾಘೆಮ್' ಶುರುವಾಯಿತು. ಮೇಲಿನ ಯೆರೂಸಲೇಮಿನಲ್ಲಿ ಅಂತ ಅರ್ಥ. ನನ್ನ ಸುತ್ತ ಪುಸ್ತಿಕೆಗಳು ತೆರೆದವು. ಮುಂದಿನ ಸಾಲಿನಲ್ಲಿ ಮಗಳು ಒಂದು ಬೆರಳನ್ನು ಸಾಲಿನ ಕೆಳಗೆ ಇಟ್ಟುಕೊಂಡು ನಿಧಾನಕ್ಕೆ ಓದುತ್ತಾ ಹಾಡಿದರು. ಸುತ್ತಲಿನವರು ಹಾಡುತ್ತಿದ್ದ ರಾಗಕ್ಕೆ ಅದು ಸೇರುತ್ತಿರಲಿಲ್ಲ, ಅದರ ಕೆಳಗೆ ಬೇರೆಯಾಗಿ ಕೇಳುತ್ತಿತ್ತು. ಕಾಯರಿನ ಹಿರಿಯರು ಒಮ್ಮೆ ಆ ಕಡೆ ತಿರುಗಿ ನೋಡಿ, ಕೈಯಲ್ಲಿ ಲಯವನ್ನು ಸ್ವಲ್ಪ ನಿಧಾನ ಮಾಡಿದರು.